ತಪ್ಪಾಯ್ತು, ಮೋಪ

ಡ್ವೇನ್ ಪ್ರಿಚೆಟ್‌ಗೆ ಪಾರ್ಕಿನ ಒಳಗೆ ಒಂದು ನರಪಿಳ್ಳೆಯೂ ಗೊತ್ತಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಸಿಟ್ಟಲ್ಲಿ ಮರೆತುಹೋದೀತು. ಒಳಗಿನವರು ಹೇಳಿದ್ರು, ಒಳಗಿನವರು ಕಣ್ಣಾರೆ ಕಂಡ್ರು ಅಂತ ವಾರವಾರವೂ ಫೋನಿನ ಮುಂದೆ ಕೂತು ಬೊಗಳೆ ಬಿಡ್ತಾನಲ್ಲ, ಆ ಒಳಗಿನವರು ಇರೋದು ಅವನ ಹೊಟ್ಟೆಯೊಳಗೆ ಮಾತ್ರ. ಅವನ ಚಾನೆಲ್ ನೋಡೋ ಮಂದಿಯೂ ಅಷ್ಟೆ, ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರು.

ನಾನು ರೋವೀನಾ ಟ್ರಸ್ಕಾಟ್. ಕಿಸಿಮೀಲಿ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದೋಳು. ಹಿಂದಿನ ಸೀಟಲ್ಲಿ ಯಾವ ಹುಡುಗ ಸುಳ್ಳು ಹೇಳ್ತಿದಾನೆ ಅಂತ ಕತ್ತು ತಿರುಗಿಸದೆ ಹೇಳ್ತಿದ್ದೆ. ಸಿಟ್ಟು ಮೂಗಿನ ತುದೀಲೇ ಇದೆ, ಅದನ್ನೂ ಒಪ್ಕೋತೀನಿ.

ನಮ್ಮೂರ ಪಕ್ಕದ ದೊಡ್ಡ ಮನರಂಜನಾ ಪಾರ್ಕಿನವರು "ಬೂದಿ ಗ್ರಹ" ಸಿನಿಮಾಗಳ ಲೋಕವನ್ನೇ ಇಲ್ಲಿ ಕಟ್ತೀವಿ ಅಂತ ಒಂದೇ ಒಂದು ಮಾತು ಹೇಳಿ ಬಾಯಿಗೆ ಬೀಗ ಹಾಕ್ಕೊಂಡ್ರು. ಆ ಜಾಗದ ಸುತ್ತ ಎತ್ತರದ ಹಸಿರು ಗೋಡೆ ಎದ್ದಿತು. ಗೋಡೆ ಕಂಡರೆ ನಮ್ಮಂಥವರು ಸುಮ್ನೆ ಇರ್ತೀವಾ? ಪಾರ್ಕಿನ ಮೇಲೆ, ಕಂಬಗಳ ಮೇಲೆ ಓಡೋ ಒಂದು ಟ್ರೈನಿದೆ. ಅದು ಕೆರೆ ದಾಟಿ ವಾಲೋವಾಗ ಬಲಗಡೆ ಕೂತೋರಿಗೆ ಗೋಡೆಯಾಚೆ ಒಂದು ಚೂರು ಕಾಣುತ್ತೆ. ಆ ಚೂರಿಗೋಸ್ಕರ ಪ್ರತಿ ಬುಧವಾರ ಬೆಳಿಗ್ಗೆ ನಾವೊಂದಿಷ್ಟು ಜನ ಮುಂದಿನ ಡಬ್ಬಿ ಹಿಡಿದು, ಇಳಿದು, ಮತ್ತೆ ಹತ್ತಿ, ಮಧ್ಯಾಹ್ನದವರೆಗೂ ಸುತ್ತಿದ್ದೇ ಸುತ್ತಿದ್ದು. ಗೋಡೆ ಮಂದಿ ಅಂತಾನೇ ನಮ್ಮ ಹೆಸರು. ಕಬ್ಬಿಣಕ್ಕೆ ಯಾವ ಬಣ್ಣ ಬಳಿದಿದಾರೆ, ಕೊಳವೆ ಎಷ್ಟು ದಪ್ಪ, ಲಾರಿ ಯಾವ ಊರಿಂದ ಬಂತು, ಎಲ್ಲ ನೋಡಿ ಒಳಗೆ ಏನು ಬರುತ್ತೆ ಅಂತ ಊಹಿಸೋದು, ಆಮೇಲೆ ಆ ಊಹೆಗೋಸ್ಕರ ಕಚ್ಚಾಡೋದು. ಮದುವೆ ಮುರಿದುಕೊಂಡೋರೂ ನಮ್ಮಲ್ಲಿದಾರೆ.

ಊಹೆಯನ್ನ ಊಹೆ ಅಂತ ಹೇಳಿದ್ರೆ ಈ ಲೋಕದಲ್ಲಿ ನಾಯಿಯೂ ಮೂಸಲ್ಲ. ಒಳಗಿನವರು ಹೇಳಿದ್ದು ಅಂದ್ರೆ ಮಾತ್ರ ಕಿವಿ ನೆಟ್ಟಗಾಗುತ್ತೆ. ಅದಕ್ಕೇ ಚಾನೆಲ್ ಇಟ್ಕೊಂಡಿರೋ ಪ್ರತಿಯೊಬ್ಬನೂ ತನ್ನ ಊಹೆಗೆ ಒಳಗಿನವರ ಅಂಗಿ ತೊಡಿಸಿ ಬೀದಿಗೆ ಬಿಡ್ತಾನೆ. ಇದು ಸುಳ್ಳು ಅಂತ ಎಲ್ಲರಿಗೂ ಗೊತ್ತು. ಪಾರ್ಕಿನ ಭದ್ರತೆ ವಿಭಾಗದವರಿಗೆ ಮಾತ್ರ ಗೊತ್ತಿರಲಿಲ್ಲ, ಅಲ್ಲೇ ನಮ್ಮ ಮನೆ ಹಾಳಾಗಿದ್ದು.

ಯಾಕಂದ್ರೆ ನನ್ನ ಮಗಳು ಮಾರ್ಲಾ ಆ ಗೋಡೆಯ ಒಳಗೇ ಕೆಲಸ ಮಾಡ್ತಿದ್ಲು.

ಅವಳು ವರ್ಷಗಟ್ಟಲೆ ಹೆದ್ದಾರಿ ಪಕ್ಕದ ಮಿನಿ ಗಾಲ್ಫ್ ಜಾಗಗಳಲ್ಲಿ ಸಿಮೆಂಟಿನ ಗೊರಿಲ್ಲಾಗಳಿಗೆ, ಕಡಲುಗಳ್ಳರಿಗೆ ಬಣ್ಣ ಬಳೀತಾ ಬಿಸಿಲಲ್ಲಿ ಬೆಂದವಳು. ಪಾರ್ಕಿನ ಗೊಂಬೆಗಳಿಗೆ ಬಣ್ಣ ಬಳಿಯೋ ಕಾರ್ಖಾನೆಗೆ ಸೇರಿಸ್ಕೊಂಡಾಗ ಕಾರಲ್ಲೇ ಕೂತು ಅತ್ತಿದ್ಲು. ಚಿಕ್ಕವಳಿದ್ದಾಗ "ಬೂದಿ ಗ್ರಹ"ಕ್ಕೆ ಕೈ ಹಿಡಿದು ಕರ್ಕೊಂಡು ಹೋಗಿದ್ದು ನಾನೇ ಅಲ್ವಾ. ಒಳಗಿನ ಒಂದು ಮಾತೂ ಹೊರಗೆ ಹೇಳಲ್ಲ ಅಂತ ಸಹಿ ಹಾಕಿಸ್ಕೊಂಡಿದ್ರು. ಅವಳು ಒಂದು ಮಾತೂ ಹೇಳಲಿಲ್ಲ, ನಾನು ಒಂದು ಮಾತೂ ಕೇಳಲಿಲ್ಲ. ಉಗುರಲ್ಲಿ ಬಣ್ಣ ಉಳಿದೀತು ಅಂತ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿ ತೊಳ್ಕೊಂಡೇ ಮನೆಗೆ ಬರೋಳು. ಟಿವೀಲಿ ಪಾರ್ಕಿನ ಸುದ್ದಿ ಬಂದ್ರೆ ನಾನೇ ಎದ್ದು ಆರಿಸ್ತಿದ್ದೆ. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ನಂಗೆ ತಿಳ್ಕೋಬೇಕಾಗಿದ್ದ ವಿಷಯ ನನ್ನ ಎದುರಿಗೇ ಕೂತು ಚಿಕನ್ ಪೈ ತಿನ್ತಿತ್ತು, ನಾನು ಉಪ್ಪು ಸಾಕಾ ಅಂತ ಮಾತ್ರ ಕೇಳ್ತಿದ್ದೆ. ಎಂಥ ಕಷ್ಟ ಅಂತ ನಿಮಗೇನು ಗೊತ್ತು!

ಒಂದು ಬುಧವಾರ ಟ್ರೈನು ಕೆರೆ ದಾಟಿ ವಾಲಿತು. ಪಕ್ಕದಲ್ಲಿ ಓರ್ವಿಲ್, ನಮ್ಮಲ್ಲಿ ಎಲ್ಲರಿಗಿಂತ ಹಿರಿಯ, ಅಂಚೆಯವನಾಗಿದ್ದೋನು, ಸಾಧು ಪ್ರಾಣಿ. ಹಿಂದಿನ ಸೀಟಲ್ಲಿ ಡ್ವೇನ್.

"ಓರ್ವಿಲ್, ಪೆಟ್ಟಿಗೇಲಿರೋ ಆ ಮರಗಳು ನೋಡೋ" ಅಂದೆ. ನೆಡೋದಕ್ಕೆ ಅಂತ ತಂದು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ನಿಲ್ಲಿಸಿದ್ರು. ಬೂದು ಎಲೆ, ತಿರುಚಿದ ಕಾಂಡ.

"ಆಲಿವ್ ಅಲ್ವೇನೇ ಅದು?"

"ಆಲಿವ್ವೇ. ಈಗ ಹೇಳು, ಎಲ್ಲರೂ ಅನ್ನೋ ಹಾಗೆ ಹಡಗುಕಟ್ಟೆ ಕಟ್ಟೋರಾದ್ರೆ ಆಲಿವ್ ಯಾಕೋ ಬೇಕು? ಅಷ್ಟೂ ಸಿನಿಮಾದಲ್ಲಿ ಆಲಿವ್ ಮರ ಇರೋದು ಒಂದೇ ಕಡೆ. ಮೂರನೇದರಲ್ಲಿ, ಕುರುಡರ ಬಾವಿ ಹಳ್ಳೀಲಿ. ಇವರು ಕಟ್ತಿರೋದು ಬಾವಿ!"

ಡ್ವೇನ್ ಹೊಟ್ಟೆ ಹಿಡ್ಕೊಂಡು ನಕ್ಕ. "ಮೂರನೇದಾ! ಅಮ್ಮಣ್ಣಿ, ಬಿಸಿಲು ನೆತ್ತಿಗೇರಿದೆ ನಿಂಗೆ. ಮೂರನೇದು ತೆಗೆದೋನೇ ಅದನ್ನ ಮರೆತು ಬದುಕ್ತಿದಾನೆ. ಎಲ್ಲರಿಗೂ ಬೇಕಾಗಿರೋದು ಮೊದಲನೇ ಸಿನಿಮಾದ ಹಡಗುಕಟ್ಟೆ. ಮಗು ಕೂಡ ಹೇಳುತ್ತೆ."

"ಮಗು ಹೇಳೋದನ್ನೇ ನೀನೂ ಹೇಳೋದು, ಅದಕ್ಕೇ ನಿನ್ನ ಚಾನೆಲ್ಲು ಓಡೋದು" ಅಂದೆ.

ಅವನು ನಕ್ಕಿದ್ದಕ್ಕೂ ಕಾರಣ ಇತ್ತು ಅನ್ನಿ. ಮೂರನೇ ಸಿನಿಮಾ ಅಂದ್ರೆ ಜನ ಈಗಲೂ ಉಗೀತಾರೆ. ಅದರಲ್ಲಿ ಮೋಪ ಅಂತ ಒಂದು ಪ್ರಾಣಿ ಬರುತ್ತೆ. ದಪ್ಪ ಮೈ, ಮೊಂಡು ಕಿವಿ, ಯಾವಾಗಲೂ ಸೋರೋ ಒದ್ದೆ ಮೂಗು. ಉಪ್ಪಿನ ಗಾಡಿ ಓಡಿಸ್ಕೊಂಡು ಬಂದು, ಅಳ್ತಾ ಅಳ್ತಾ ನಾಯಕನ ಆಕಾಶ ಹಡಗನ್ನೇ ಬಾವಿಗೆ ಬೀಳಿಸಿಬಿಡುತ್ತೆ. ಜನ ಮೋಪನ ಗೊಂಬೆ ಕೊಂಡು ತಂದು ಥಿಯೇಟರ್ ಮುಂದೆ ಸುಟ್ಟಿದ್ರು. ಬೈಗುಳ ತಡೀಲಾರದೆ ಸಿನಿಮಾದವರು ನಾಲ್ಕನೇದರಲ್ಲಿ ಅವನನ್ನ ಸಾಯಿಸಿದ್ರು, ಥಿಯೇಟರಲ್ಲಿ ಚಪ್ಪಾಳೆಯೋ ಚಪ್ಪಾಳೆ. ಡ್ವೇನ್ ಅಂತೂ ಎದ್ದು ನಿಂತು ಸೀಟಿ ಹೊಡೆದಿದ್ದ.

ಅವತ್ತು ಸಂಜೆಯೇ ಅವನ ಚಾನೆಲ್‌ನಲ್ಲಿ ಏನಂದ ಗೊತ್ತಾ? ದನಿ ತಗ್ಗಿಸಿ, ಕಣ್ಣು ಕಿರಿದು ಮಾಡಿ, "ಇವತ್ತು ನನ್ನ ಒಳಗಿನವರು ಒಂದು ಬಾಂಬು ಹಾಕಿದ್ರು. ಹೆಸರು ಕೇಳಬೇಡಿ. ಕೈಗೆ ಬಣ್ಣ ಅಂಟಿರೋ ಜನ ಅಂತ ಮಾತ್ರ ಹೇಳ್ತೀನಿ. ಹಡಗುಕಟ್ಟೆ ಅಲ್ಲ ಸ್ವಾಮೀ, ಕುರುಡರ ಬಾವಿ!"

ನನ್ನ ಮೈ ಉರಿದುಹೋಯ್ತು. ಊಹೆ ಕದ್ದಿದ್ದು ಹಾಳಾಗಿ ಹೋಗ್ಲಿ. ಕೈಗೆ ಬಣ್ಣ ಅಂತ ಯಾಕೋ ಸೇರಿಸ್ದೆ, ಪಾಪಿ? ಮಾರ್ಲಾ ಎಲ್ಲಿ ಕೆಲಸ ಮಾಡ್ತಾಳೆ ಅಂತ ಟ್ರೈನಲ್ಲಿ ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಸುಳ್ಳಿಗೊಂದು ಒಗ್ಗರಣೆ ಬೇಕಾಗಿತ್ತು, ನನ್ನ ಮಗಳನ್ನ ಹಾಕಿದ.

ಆ ವಾರವೇ ಮಾರ್ಲಾ ಮಟಮಟ ಮಧ್ಯಾಹ್ನ ಮನೆಗೆ ಬಂದ್ಲು. ಕೊರಳಲ್ಲಿ ಪಾಸಿರಲಿಲ್ಲ.

"ವಿಚಾರಣೆ ಮುಗಿಯೋವರೆಗೂ ಬರಬೇಡ ಅಂದ್ರು" ಅಂದ್ಲು. "ಅಮ್ಮ, ನೀನು ಅವನಿಗೆ ಏನಾದ್ರೂ ಹೇಳಿದ್ಯಾ?"

"ನೀನು ನಂಗೆ ಹೇಳಿದ್ರೆ ತಾನೇ ನಾನು ಇನ್ನೊಬ್ಬರಿಗೆ ಹೇಳೋದು? ಮರ ನೋಡಿ ಹೇಳ್ದೆ ಕಣೇ. ಆಲಿವ್ ಮರ. ಆ ಕಳ್ಳ ಕೇಳಿಸ್ಕೊಂಡ."

"ಬರೀ ಮರ ನೋಡಿ?"

"ಬರೀ ಮರ ನೋಡಿ. ಅಂದ್ರೆ... ನಿಜವಾಗ್ಲೂ ಬಾವಿನೇನಾ?"

ಬಾಯಿ ತಪ್ಪಿ ಬಂದುಬಿಡ್ತು. ಮಗಳ ಅನ್ನ ಹೋಗ್ತಿರೋವಾಗಲೂ ನನ್ನೊಳಗಿನ ಗೋಡೆ ಹುಚ್ಚು ಸುಮ್ನಿರಲಿಲ್ಲ ನೋಡಿ. ಅವಳು ನನ್ನ ಮುಖ ನೋಡಿ, ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು.

ಭಾನುವಾರ ಗೋಡೆ ಮಂದಿ ಪ್ಯಾನ್‌ಕೇಕ್ ಅಂಗಡೀಲಿ ಸೇರ್ತಾರೆ. ಡ್ವೇನ್ ಮಧ್ಯದ ಕುರ್ಚೀಲಿ ಮದುಮಗನ ಥರ ಕೂತಿದ್ದ. ಸುತ್ತ ಜನ ಭೇಷ್ ಭೇಷ್ ಅಂತಿದ್ರು. ನಾನು ಎದುರಿಗೆ ಕೂತೆ. ಸಿಟ್ಟು ನುಂಗಿಕೊಂಡು, ಆಣೆ ಮಾಡಿ ಹೇಳ್ತೀನಿ, ಮೆತ್ತಗೇ ಕೇಳ್ದೆ.

"ಡ್ವೇನ್, ಒಳಗಿನವರು ಯಾರೂ ಇಲ್ಲ, ಅದು ಊಹೆ ಅಂತ ಒಂದು ಮಾತು ಹೇಳ್ಬಿಡು. ನನ್ನ ಹೆಸರು ಬೇಡ. ಮರ ನೋಡಿ ನೀನೇ ಊಹಿಸ್ದೆ ಅಂತ ಹೇಳ್ಕೋ. ಕೀರ್ತಿ ಎಲ್ಲ ನೀನೇ ಇಟ್ಕೋ."

"ಊಹೆ ಅಂದ್ರೆ ನನ್ನ ಯಾರು ನೋಡ್ತಾರೆ, ರೋ?"

"ನನ್ನ ಮಗಳ ಕೆಲಸ ಹೋಗ್ತಿದೆ ಕಣೋ."

"ನಿನ್ನ ಮಗಳ ಹೆಸರು ನಾನು ಎತ್ತಿದ್ನಾ? ಇವರನ್ನೇ ಕೇಳು."

"ಕೈಗೆ ಬಣ್ಣ ಅಂದ್ಯಲ್ಲ!"

"ಬಣ್ಣ ಬಳಿಯೋರು ಬೇಕಾದಷ್ಟು ಜನ ಇದಾರೆ ಅಲ್ಲಿ." ಪ್ಯಾನ್‌ಕೇಕ್ ಮೇಲೆ ಸಿರಪ್ ಸುರ್ಕೊಂಡ. "ಅಷ್ಟಕ್ಕೂ ಅಮ್ಮಣ್ಣಿ, ಅವಳು ನಿಂಗೆ ಹೇಳಲೇ ಇಲ್ಲ ಅಂತ ಯಾರು ನಂಬ್ತಾರೆ? ಮರ ನೋಡಿದ್ಳಂತೆ, ಬಾವಿ ಕಂಡಳಂತೆ!"

ಸುತ್ತಲಿನವರು ಕಿಸಕ್ ಅಂದ್ರು. ಓರ್ವಿಲ್ ಒಬ್ಬ ತಲೆ ತಗ್ಗಿಸ್ದ.

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋನು ನೀನು" ಅಂದೆ. ಸಿರಪ್ ಜಗ್ಗು ತಗೊಂಡು ಅವನ ಫೋನಿನ ಮೇಲೆ ಬೋರಲು ಹಾಕ್ದೆ. ಆ ಅಂಗಡಿಯವರು ಅವತ್ತಿಂದ ನನ್ನನ್ನ ಒಳಗೆ ಬಿಡಲ್ಲ. ಬಿಡದಿದ್ರೆ ಬಿಡ್ಲಿ, ಅವರ ಕಾಫಿಯೂ ನೀರು ನೀರು.

ಓರ್ವಿಲ್ ಪಾಪ, ಭದ್ರತೆ ವಿಭಾಗಕ್ಕೆ ತಾನೇ ಫೋನ್ ಮಾಡಿ, ರೋವೀನಾ ಮರ ನೋಡಿ ಹೇಳಿದ್ದನ್ನ ನಾನೇ ಕೇಳಿದೀನಿ ಅಂತ ಸಾಕ್ಷಿ ಹೇಳ್ದ. ನೀವು ಅವರ ಸ್ನೇಹಿತರಲ್ವಾ ಅಂತ ಕೇಳಿ ಫೋನ್ ಇಟ್ರಂತೆ. ಆದ್ರೂ ಅದರಿಂದ ಒಂದು ಉಪಕಾರ ಆಯ್ತು. ಕೊನೆಯ ವಿಚಾರಣೆಗೆ ತಾಯಿಯನ್ನೂ ಕರ್ಕೊಂಡು ಬಾ ಅಂತ ಮಾರ್ಲಾಗೆ ಹೇಳಿಕಳಿಸಿದ್ರು.

ವಿಚಾರಣೆ ಮಾಡಿದ್ದು ಹ್ಯಾಲಿಕ್ ಅಂತ ಒಬ್ಬ ಹೆಂಗಸು. ಇಸ್ತ್ರಿ ಮುರೀದ ಕೋಟು, ನಗು ಕಾಣದ ಮುಖ. ಕಾರಲ್ಲಿ ಬರ್ತಾ ಮಾರ್ಲಾ ಹೇಳಿದ್ದು ಇಷ್ಟೆ: "ಅಮ್ಮ, ಕೇಳಿದ್ದಕ್ಕೆ ಉತ್ತರ ಕೊಡು. ಜಂಭ ಕೊಚ್ಕೋಬೇಡ."

ಹ್ಯಾಲಿಕ್ ಮೊದಮೊದಲು ನೆಟ್ಟಗೇ ಮಾತಾಡಿದ್ರು. "ನೋಡಿ ಮೇಡಂ, ನಿಮ್ಮ ಮಗಳ ಕೆಲಸದ ಬಗ್ಗೆ ಇಲ್ಲಿ ಒಳ್ಳೆ ಮಾತೇ ಇದೆ. ಆದ್ರೆ ಆ ಮನುಷ್ಯ ಹೇಳಿದ್ದು ಸರಿಯಾಗಿದೆ. ಬರೀ ಊಹೆಯಿಂದ ಅಷ್ಟು ಸರಿ ಹೇಳೋಕಾಗುತ್ತೆ ಅಂತ ನಂಬೋದು ಕಷ್ಟ."

"ಅವನಿಗೆ ಊಹೆಯೂ ಬರಲ್ಲ. ಊಹಿಸಿದ್ದು ನಾನು. ಅವನು ನಾನು ಟ್ರೈನಲ್ಲಿ ಆಡಿದ್ದನ್ನ ಕಕ್ತಾನೆ."

"ಅದನ್ನ ತೋರಿಸೋದು ಹೇಗೆ?"

ಅಲ್ಲಿ ನಾನು ಜಾಣೆಯಾಗೋಕೆ ಹೋದೆ.

"ಭಾಳ ಸುಲಭ" ಅಂದೆ. "ಈಗ ನಿಮ್ಮೆದುರಿಗೇ ಕೂತು ಒಂದು ಸುಳ್ಳು ಹುಟ್ಟಿಸ್ತೀನಿ. ಹುಚ್ಚರೂ ಕಟ್ಟಬಾರದು, ಅಂಥ ಸುಳ್ಳು. ಬುಧವಾರ ಟ್ರೈನಲ್ಲಿ ಅವನಿಗೆ ಕೇಳಿಸೋ ಹಾಗೆ ಹೇಳ್ತೀನಿ. ಸಂಜೆ ಅದನ್ನೇ ಒಳಗಿನವರು ಹೇಳಿದ್ರು ಅಂತ ಅವನು ಊದ್ತಾನೆ. ಆಗಲಾದ್ರೂ ನಂಬ್ತೀರಲ್ಲ, ಅವನ ಒಳಗಿನವರು ಅಂದ್ರೆ ಮುಂದಿನ ಸೀಟಿನ ಮುದುಕಿ ಅಂತ?"

ಹ್ಯಾಲಿಕ್ ಪೆನ್ನು ಕೆಳಗಿಟ್ರು. ಮುಖ ಸ್ವಲ್ಪ ಸಡಿಲ ಆಯ್ತು, ಅದನ್ನ ನಾನು ನೋಡ್ದೆ. "ಇದು ಆಗಬಹುದು" ಅಂದ್ರು. ಮಾರ್ಲಾ ಎಷ್ಟೋ ದಿನಗಳ ಮೇಲೆ ನನ್ನ ಕಡೆ ತಿರುಗಿ ಚೂರು ನಕ್ಕಳು. ಆ ನಗು ನೋಡಿ ನಾನು ಉಬ್ಬಿಹೋದೆ ಕಣ್ರೀ, ಸುಳ್ಳು ಯಾಕೆ ಹೇಳ್ಲಿ.

"ಹೇಳಿ ಮತ್ತೆ, ಏನು ಸುಳ್ಳು?"

ಯೋಚಿಸ್ದೆ. ಜಗತ್ತಿನ ಅತಿ ದಡ್ಡ ಕೆಲಸ ಯಾವುದು? ಯಾವ ಕಂಪನಿಯೂ ಮಾಡದೇ ಇರೋದು? ಡ್ವೇನ್‌ನಂಥೋರು ಕೇಳಿದ್ರೆ ತಲೆ ಚಚ್ಕೋಬೇಕು, ಅಂಥದ್ದು. ಹೊಳೀತು. ನಗು ತಡ್ಕೊಂಡು ಹೇಳ್ದೆ:

"ಮೋಪ ಬದುಕಿ ಬರ್ತಾನೆ. ಬಾವಿಯೊಳಗೆ ಇಳಿಯೋಕೆ ಒಂದು ಕಲ್ಲಿನ ಬಾಗಿಲಿರುತ್ತೆ, ಅದರ ಮುಂದೆ ಮೋಪ ಮುಖ ತಿರುಗಿಸ್ಕೊಂಡು ಕೂತಿರ್ತಾನೆ. ಒಳಗೆ ಹೋಗಬೇಕಾದ್ರೆ ಜನ ಎಲ್ಲ ಒಟ್ಟಿಗೆ 'ತಪ್ಪಾಯ್ತು, ಮೋಪ' ಅನ್ನಬೇಕು. ಅಂದ್ರೆ ಮಾತ್ರ ಬಾಗಿಲು ತೆರೆಯುತ್ತೆ. ಅವನ ಗೊಂಬೆ ಸುಟ್ಟರಲ್ಲ ನನ್ನ ಮಕ್ಕಳು, ಅವರೇ ಸಾಲಾಗಿ ನಿಂತು ಕ್ಷಮೆ ಕೇಳ್ಬೇಕು! ಹೇಗಿದೆ?"

ನಾನೊಬ್ಬಳೇ ನಗ್ತಿದ್ದೆ.

ಹ್ಯಾಲಿಕ್ ನಗಲಿಲ್ಲ. ಮಾರ್ಲಾ ಕಡೆ ನೋಡಿದ್ರು. ಅವಳ ಬಲಗೈ ಬೆರಳುಗಳು ಬ್ರಷ್ ಹಿಡಿದ ಹಾಗೇ ಮಡಿಚಿಕೊಂಡಿದ್ವು.

"ಅಮ್ಮ" ಅಂದ್ಲು. "ಅಮ್ಮ, ಸಾಕು. ಸುಮ್ನಿರು."

"ಯಾಕೆ? ಏನಾಯ್ತು? ಸುಳ್ಳು ಕಣೇ ಇದು, ಈಗ ತಾನೇ ಹುಟ್ಟಿಸಿದ್ದು."

"ಇದು ನಿಮಗೆ ಯಾರು ಹೇಳಿದ್ರು, ಮೇಡಂ?" ಹ್ಯಾಲಿಕ್ ಕೇಳಿದ್ರು. ದನಿ ಈಗ ಬೇರೆಯಾಗಿತ್ತು.

"ಯಾರೂ ಹೇಳಿಲ್ಲ! ಇದನ್ನ ಯಾರಾದ್ರೂ ಹೇಳ್ತಾರಾ? ಯಾವ ತಲೆಕೆಟ್ಟೋನು ಇದನ್ನ..." ಅಷ್ಟರಲ್ಲಿ ನಂಗೆ ಅರ್ಥ ಆಯ್ತು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗಿತ್ತು, ಕೊಂಬೆ ಬಿದ್ದಿದ್ದು ನನ್ನ ಮಗಳ ತಲೆ ಮೇಲೆ.

ಆಲಿವ್ ಮರ ಗೋಡೆಯಾಚೆ ಕಾಣುತ್ತೆ. ಮೋಪ ಎಲ್ಲೂ ಕಾಣ್ತಿರಲಿಲ್ಲ. ಅವನು ಮುಚ್ಚಿದ ಕಾರ್ಖಾನೆಯೊಳಗೆ, ಮಾರ್ಲಾಳ ಮೇಜಿನ ಮೇಲಿದ್ದ. ಮೇಜು ಬಡಿದೆ, ಆಣೆ ಹಾಕ್ದೆ, ಕೂಗಾಡ್ದೆ. ಹ್ಯಾಲಿಕ್ ಮುಂದಿದ್ದ ಕಾಗದಗಳನ್ನ ಜೋಡಿಸ್ಕೊಂಡು ಎದ್ದು ನಿಂತ್ರು. ಇನ್ನು ನಿಮ್ಮ ಸಾಮಾನು ಮನೆಗೇ ಕಳಿಸ್ತೀವಿ ಅಂತ ಮಾರ್ಲಾಗೆ ಹೇಳಿದ್ರು. ಪಾರ್ಕಿನ ಗೇಟಿನೊಳಗೆ ಅವಳು ಇನ್ನು ಕಾಲಿಡೋ ಹಾಗಿಲ್ಲ ಅಂತಲೂ ಹೇಳಿದ್ರು.

ಕಾರಲ್ಲಿ ಮಾರ್ಲಾ ಬಹಳ ಹೊತ್ತು ಕಿಟಕಿ ಕಡೆ ನೋಡ್ತಿದ್ಲು.

"ನಾನು ನಿದ್ದೇಲಿ ಮಾತಾಡ್ತೀನಾ ಅಮ್ಮ?"

"ಇಲ್ಲ ಕಣೇ."

"ಹಾಗಾದ್ರೆ ನನ್ನ ಬ್ಯಾಗ್ ನೋಡಿದ್ಯಾ? ನಿಜ ಹೇಳು. ಬೈಯಲ್ಲ."

ಯಾರು ಯಾರೋ ಏನೇನೋ ಅಂದಿದ್ರು, ಅಷ್ಟು ನೋಯಲಿಲ್ಲ. ಇದು ನೋಯ್ತು. ನೋಡಿಲ್ಲ ಅಂದೆ. ಹೂಂ ಅಂದ್ಲು. ಆ ಹೂಂ ಹೇಗಿತ್ತು ಅಂದ್ರೆ, ನಾನು ಬಸ್ಸಲ್ಲಿ ಸುಳ್ಳು ಹೇಳೋ ಹುಡುಗರಿಗೆ ಅಂತಿದ್ದ ಹಾಗೇ ಇತ್ತು.

ಡ್ವೇನ್ ಏನಾದ ಅಂತೀರಾ? ಏನೂ ಆಗಲಿಲ್ಲ. ಪಾರ್ಕಿನ ಕೆಲಸದೋಳೊಬ್ಬಳನ್ನ ತೆಗೆದುಹಾಕಿದ್ರು ಅಂತ ಸುದ್ದಿ ಬಂದ ದಿನ ಅವನ ಚಾನೆಲ್ಲಿಗೆ ಜನ ದುಪ್ಪಟ್ಟಾದ್ರು. ನೋಡಿದ್ರಾ, ನನ್ನ ಒಳಗಿನವರು ನಿಜವಾಗ್ಲೂ ಒಳಗೇ ಇದ್ರು ಅಂತ ಎದೆ ತಟ್ಕೊಂಡ. ಅವನ ಬಾಯಿಗೆ ಹುಳ ಬೀಳ!

ಮಾರ್ಲಾ ಸ್ಯಾನ್‌ಫರ್ಡ್ ಅನ್ನೋ ಊರಿಗೆ ಮನೆ ಬದಲಾಯಿಸಿದ್ಲು. ಈಗ ಕಟ್ಟಿಸ್ಕೊಳ್ಳೋ ಹಲ್ಲುಗಳಿಗೆ ಬಣ್ಣ ಕೊಡೋ ಕೆಲಸ. ಯಾರ್ಯಾರ ಬಾಯಿಗೋ ಹೊಂದೋ ಹಾಗೆ ಒಂದೊಂದೇ ಹಲ್ಲಿಗೆ ಸಣ್ಣ ಬ್ರಷ್ಷಲ್ಲಿ ಹಳದಿ ತೀಡ್ತಾಳೆ. ನಾನು ಟ್ರೈನು ಬಿಟ್ಟೆ. ಭಾನುವಾರ ಅವಳ ಮನೆಗೆ ಹೋಗಿ ಪೈ ಕೊಟ್ಟು ಬರ್ತಿದ್ದೆ. ಪಾರ್ಕಿನ ಸುದ್ದಿ ಬಂದ್ರೆ ಟಿವಿ ಆರಿಸೋದು ಈಗ ಅವಳು.

ಗೋಡೆ ಬಿದ್ದು, ಬೂದಿ ಗ್ರಹ ತೆರೆದ ವಾರ ಅವಳೇ ಫೋನ್ ಮಾಡಿದ್ಲು.

"ಹೋಗ್ತೀಯಾ?"

"ನನ್ನ ಹೆಣ ಹೋಗುತ್ತೆ ಅಲ್ಲಿಗೆ."

"ಹೋಗಿ ಬಾ ಅಮ್ಮ. ನಾನು ಹೋಗೋ ಹಾಗಿಲ್ಲ. ಮೂಗೊಂದು ನೋಡ್ಕೊಂಡು ಬಾ. ಒದ್ದೆ ಕಾಣ್ಲಿ ಅಂತ ಪದರ ಪದರವಾಗಿ ಅರಗು ಹಚ್ಚಿ ತೀಡ್ತಿದ್ದೆ. ಅರ್ಧ ಆಗಿತ್ತು, ಅಷ್ಟರಲ್ಲಿ ವಿಚಾರಣೆಗೆ ಕರೆದ್ರು. ಯಾರು ಮುಗಿಸಿದ್ರೋ."

ಹೋದೆ. ಓರ್ವಿಲ್ ಜೊತೆಗೆ ಬಂದ. ಆಲಿವ್ ಮರಗಳ ಕೆಳಗೆ ಉದ್ದದ ಸಾಲು. ಗಂಟೆಗಟ್ಟಲೆ ನಿಂತು ಕಲ್ಲಿನ ಬಾಗಿಲಿನ ಮುಂದಿನ ಕೋಣೆಗೆ ಬಂದ್ರೆ, ಅಲ್ಲಿ ನನ್ನ ಪಕ್ಕಕ್ಕೇ ಬಂದು ನಿಂತವನು ಡ್ವೇನ್. ಎದೆ ಮೇಲೆ ಮೋಪನ ಚಿತ್ರ ಇರೋ ಹೊಸ ಟೀ ಶರ್ಟು. ಮೋಪ ಸತ್ತಾಗ ಸೀಟಿ ಹೊಡೆದವನು!

ಮೋಪ ನಮಗೆ ಬೆನ್ನು ಹಾಕಿ ಕೂತಿದ್ದ. ಉಸಿರಾಡ್ತಿದ್ದ, ಬೆನ್ನು ಏರಿಳೀತಿತ್ತು. ಕುರುಡ ಸನ್ಯಾಸಿಯ ವೇಷದ ಹುಡುಗಿಯೊಬ್ಬಳು ಕೈ ಎತ್ತಿ, "ಹೇಳಿ ಎಲ್ಲರೂ" ಅಂದ್ಲು.

"ತಪ್ಪಾಯ್ತು, ಮೋಪ!" ಕೋಣೆಯೆಲ್ಲ ಒಟ್ಟಿಗೆ ಅಂದಿತು. ಎಲ್ಲರಿಗಿಂತ ಜೋರು ಡ್ವೇನ್‌ದು. ದನಿ ಒಡೆದಿತ್ತು, ಕಣ್ಣಲ್ಲಿ ನೀರಿತ್ತು, ಕೈಯಲ್ಲಿ ಫೋನಿತ್ತು.

ಮೋಪ ನಿಧಾನವಾಗಿ ತಿರುಗಿದ. ಬಾಗಿಲು ತೆರೀತು. ಜನ ಚಪ್ಪಾಳೆ ತಟ್ಕೊಂಡು ಒಳಗೆ ನುಗ್ಗಿದ್ರು.

ನಾನು ಡ್ವೇನ್‌ನ ತೋಳು ಹಿಡಿದೆ. "ರಬ್ಬರ್ ಗೊಂಬೆಗೆ ಹೇಳ್ತೀಯಲ್ಲೋ ತಪ್ಪಾಯ್ತು ಅಂತ! ಮಾರ್ಲಾಗೆ ಒಂದ್ಸಲ ಹೇಳೋಕೆ ನಿನ್ನ ಬಾಯಿ ಬಿದ್ದು ಹೋಗಿತ್ತಾ?"

ಅವನು ಕಣ್ಣೊರೆಸ್ಕೊಂಡ. "ರೋ, ಇವತ್ತು ಬೇಡ. ಇವತ್ತು ಒಳ್ಳೆ ದಿನ" ಅಂದ. ತೋಳು ಬಿಡಿಸ್ಕೊಂಡು ಒಳಗೆ ಹೋದ.

ನಾನು ಒಳಗೆ ಹೋಗಲಿಲ್ಲ. ಮೋಪನ ಹತ್ತಿರ ನಿಂತು ಮೂಗು ನೋಡ್ದೆ, ಕಣ್ಣು ನೋಯೋವರೆಗೂ ನೋಡ್ದೆ. ಆಮೇಲೆ ಓರ್ವಿಲ್‌ನ ಬಿಟ್ಟು ಪಾರ್ಕಿಂಗ್ ಜಾಗಕ್ಕೆ ಬಂದು ಮಾರ್ಲಾಗೆ ಫೋನ್ ಮಾಡ್ದೆ.

"ಮೂಗು?" ಅಂದ್ಲು.

"ಎಡಗಡೆ ಒದ್ದೆ. ಮುಟ್ಟಿದ್ರೆ ಕೈಗೆ ಅಂಟುತ್ತೆ ಅನ್ನೋ ಹಾಗಿದೆ. ಬಲಗಡೆ ಒಣಗಿದೆ."

"ಎಡಗಡೆ ನಂದು" ಅಂದ್ಲು. ಆಮೇಲೆ, "ನೀನೂ ಅಂದ್ಯಾ? ತಪ್ಪಾಯ್ತು ಅಂತ?"

"ಅಲ್ಲಿ ಅನ್ನಲಿಲ್ಲ ಕಣೇ. ಅದು ಅಲ್ಲಿ ಹೇಳೋದಲ್ಲ."

"ಮತ್ತೆ?"

ಹೇಳ್ದೆ. ಬಾವಿನೇನಾ ಅಂತ ಕೇಳಿದ್ದಕ್ಕೆ, ಹ್ಯಾಲಿಕ್ ಮುಂದೆ ಕೂತು ಜಾಣೆ ಆಗೋಕೆ ಹೋಗಿದ್ದಕ್ಕೆ, ಎಲ್ಲಕ್ಕೂ ಸೇರಿಸಿ ಹೇಳ್ದೆ. ಬ್ಯಾಗ್ ಮಾತ್ರ ನೋಡಿಲ್ಲ ಕಣೇ ಅಂತ ಮತ್ತೊಂದ್ಸಲ ಹೇಳ್ದೆ.

ಅವಳು ಫೋನ್ ಇಡಲಿಲ್ಲ. ಕಾರಿಗೆ ಒರಗಿ, ಅದನ್ನ ಕಿವಿಗೆ ಒತ್ತಿ ಹಿಡ್ಕೊಂಡು ನಾನು ನಿಂತೇ ಇದ್ದೆ.